ಫ್ಯಾನಿನ ಗಾಳಿಗೆ ತಿರುಗಿದ ಲಗ್ನಪತ್ರಿಕೆ

ಮನೆಯಲ್ಲಿ ಎಸೆಯಲಾಗದ ವಸ್ತು ಯಾವುದೆಂದು ಕೇಳಿದರೆ ನಾನು ಹಳೆಯ ಲಗ್ನಪತ್ರಿಕೆ ಎನ್ನುತ್ತೇನೆ. ಮೇಲೆ ಗಣಪತಿ ಕೂತಿರುತ್ತಾನೆ, ಮೂಲೆಗೆ ಅರಿಸಿನ ಹಚ್ಚಿರುತ್ತದೆ. ಕಸಕ್ಕೆ ಹಾಕಿದರೆ ಪಾಪ, ರದ್ದಿಯವನಿಗೆ ಕೊಟ್ಟರೆ ಇನ್ನೂ ಪಾಪ. ಹೀಗಾಗಿ ಮುಳಬಾಗಿಲಿನ ನಮ್ಮ ಮನೆಯ ಅಟ್ಟದ ಮೇಲೆ ಯಾರ್ಯಾರದೋ ಮದುವೆಗಳು ರಟ್ಟಿನ ಪೆಟ್ಟಿಗೆ ತುಂಬಿ ಕೂತಿದ್ದವು. ಒಂದು ದಿನ ಮೊಬೈಲಿನಲ್ಲಿ ಒಬ್ಬ ಹೆಂಗಸು ದಪ್ಪ ಕಾಗದದ ಬಿಲ್ಲೆಗಳಿಗೆ ನಡುವಿನ ತನಕ ಸೀಳು ಕೊಟ್ಟು, ಒಂದರ ಸೀಳಿಗೆ ಇನ್ನೊಂದನ್ನು ಅಡ್ಡಡ್ಡ ತೂರಿಸಿ, ಅಂಟಿಲ್ಲದೆ ದುಂಡನೆಯ ಗೋಳ ಮಾಡುವುದನ್ನು ನೋಡಿದೆ. ಗಣಪತಿಯನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿದರೆ ಪಾಪವಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಆದರೆ ಆ ವಾರ ನನ್ನ ತಲೆಯ ಮೇಲಿದ್ದ ಕೆಲಸವೇ ಬೇರೆ. ತಂಗಿಯ ಮಗಳು ಚೈತ್ರಳನ್ನು ನೋಡಲು ಭಾನುವಾರ ಶ್ರೀನಿವಾಸಪುರದಿಂದ ಗಂಡಿನವರು ನಮ್ಮ ಮನೆಗೇ ಬರುವವರಿದ್ದರು. ಆವನಿಯಲ್ಲಿರುವ ತಂಗಿ ಫೋನ್ ಮಾಡಿ, "ಅಣ್ಣಾ, ಹುಡುಗನ ವಿಚಾರ ಚೆನ್ನಾಗಿ ತಿಳ್ಕೋ. ನಿನ್ನನ್ನೇ ನಂಬಿದ್ದೀನಿ" ಎಂದಿದ್ದಳು. ನಾನು ಒಬ್ಬರನ್ನು ಕೇಳಿ, ಮಾವಿನ ಮಂಡಿಯಿದೆ, ಒಳ್ಳೆಯ ಜನ ಎಂದು ತಿಳಿದುಕೊಂಡು ಕತ್ತರಿ ಹಿಡಿದು ಕೂತುಬಿಟ್ಟೆ. ಸೀಳು ಕೂದಲೆಳೆ ಹೆಚ್ಚಾದರೆ ಬಿಲ್ಲೆ ಜಾರುತ್ತದೆ, ಕಡಿಮೆಯಾದರೆ ಸೊಟ್ಟಗೆ ನಿಲ್ಲುತ್ತದೆ. ಕೊನೆಗೂ ಒಂದು ಗೋಳ ನೆಟ್ಟಗೆ ನಿಂತಾಗ ಆದ ಸಂತೋಷ ನನಗೆ ಬಡ್ತಿ ಬಂದಾಗಲೂ ಆಗಿರಲಿಲ್ಲ. ಹೆಂಡತಿ ನಾಗರತ್ನ ಚೂರುಗಳನ್ನು ಗುಡಿಸುತ್ತಾ, "ರೀ, ಅವ್ರು ಬರೋದು ಹುಡುಗಿ ನೋಡೋಕೆ, ನಿಮ್ಮ ಕೈಕೆಲಸ ನೋಡೋಕಲ್ಲ" ಎಂದಳು. ನಾನು ಅದನ್ನು ನಡುಮನೆಯಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ತೂಗುಹಾಕಿದೆ.

ಭಾನುವಾರ ಉಪ್ಪಿಟ್ಟು ತಿನ್ನುತ್ತಾ ತಲೆಯೆತ್ತಿದ ಗಂಡಿನ ತಂದೆ ಮತ್ತೆ ತಲೆ ತಗ್ಗಿಸಲೇ ಇಲ್ಲ. ಗೋಳ ಗಾಳಿಗೆ ತಿರುಗಿದಂತೆಲ್ಲ ಅವರ ಕಣ್ಣೂ ತಿರುಗಿತು. "ಸಾರ್, ಇದನ್ನ ನೀವೇ ಮಾಡಿದ್ದಾ? ನಮ್ಗೆ ಕೊಟ್ಬಿಡಿ ಸಾರ್, ನಮ್ಮನೇಲಿ ಹಾಕ್ಕೋತೀವಿ" ಎಂದು ತಟ್ಟೆ ಕೆಳಗಿಟ್ಟು ಎದ್ದೇ ನಿಂತರು. ನನ್ನ ಕಲೆಯನ್ನು ಒಬ್ಬರು ಮೆಚ್ಚಿದ್ದು ಅದೇ ಮೊದಲು! ಸ್ಟೂಲು ಹತ್ತಿ ದಾರ ಬಿಚ್ಚಿ ಇನ್ನೇನು ಅವರ ಕೈಗಿಡಬೇಕು, ಕಾಫಿ ತಂದ ಚೈತ್ರ, "ಮಾವ, ಒಂದ್ನಿಮಿಷ ಇರಿ" ಎಂದು ಅದನ್ನು ಇಸಿದುಕೊಂಡಳು. ಅವರ ಕಣ್ಣು ಎಲ್ಲಿ ನೆಟ್ಟಿದೆಯೆಂದು ಅವಳು ಬಾಗಿಲಿನಿಂದಲೇ ನೋಡುತ್ತಿದ್ದಳಂತೆ. ಎರಡು ಬಿಲ್ಲೆಗಳನ್ನು ಸೀಳಿನಿಂದ ಬಿಡಿಸಿ, ಪಕ್ಕಪಕ್ಕ ಹಿಡಿದು ಗಟ್ಟಿಯಾಗಿ ಓದಿದಳು. ವರನ ಹೆಸರು, ಅವನ ತಂದೆಯ ಹೆಸರು, ಊರು, ಎಲ್ಲ ಎದುರಿಗೆ ಕೂತವರದೇ. ವಧುವಿನ ಹೆಸರು ಮಾತ್ರ ಬೇರೆ ಯಾರದೋ.

ನನಗೆ ಸ್ಟೂಲಿನಿಂದ ಇಳಿಯುವುದೇ ಮರೆತುಹೋಯಿತು. ಹುಡುಗ ನೆಲ ನೋಡುತ್ತಿದ್ದ, ಅಡುಗೆಮನೆಯ ಬಾಗಿಲಲ್ಲಿದ್ದ ತಂಗಿ ನನ್ನನ್ನು ನೋಡುತ್ತಿದ್ದಳು. ಗಾಬರಿಯಾದರೆ ನಮ್ಮ ಕಡೆಯವರ ಬಾಯಿಗೆ ಮೊದಲು ತೆಲುಗೇ ಬರುವುದು. "ಅದಿ ಎಪ್ಪುಡೋ ಅಯಿಪೋಯಿಂದಮ್ಮಾ" ಎಂದ ಗಂಡಿನ ತಂದೆ, ಆಮೇಲೆ ಕನ್ನಡಕ್ಕೆ ಬಂದು, "ಅದು ಯಾವತ್ತೋ ಆಗ್ಹೋಗಿದ್ದಮ್ಮ. ಮೂರೇ ತಿಂಗ್ಳು ಬಾಳಿದ್ದು ಕಣಮ್ಮ, ಕೋರ್ಟಲ್ಲೂ ಎಲ್ಲಾ ಮುಗಿದೋಯ್ತು. ಹೇಳೋಣಾಂತಾನೇ ಇದ್ವಿ" ಎಂದರು.

"ಮದ್ವೆ ಮುರೀತು ಅಂತ ನನ್ಗೇನೂ ಬೇಜಾರಿಲ್ಲ. ಮೊದ್ಲೇ ಹೇಳಿದ್ರೆ ಒಪ್ಕೋತಿದ್ನೇನೋ" ಎಂದಳು ಚೈತ್ರ. "ಕಾಫಿ ಆರೋಗತ್ತೆ, ಕುಡೀರಿ."

ಅವರು ಹೋದ ಮೇಲೆ ನಾನು ಬೆವರು ಒರೆಸಿಕೊಂಡು, ತಂಗಿಗೆ ಕೇಳಿಸುವ ಹಾಗೆ, "ನನ್ನ ಗೋಳ ಇಲ್ಲದಿದ್ದರೆ ಹುಡುಗಿಯ ಗತಿ ಏನಾಗ್ತಿತ್ತು?" ಎಂದೆ. ನಾಗರತ್ನ ಬಿಲ್ಲೆಗಳನ್ನು ತಿರುಗಿಸಿ ನೋಡಿದಳು. "ಇದು ನಿಮ್ಮ ಆಫೀಸಿನವರ ಮಗಳ ಮದ್ವೆಯಲ್ವೇನ್ರೀ? ಕೋಲಾರಕ್ಕೆ ನೀವೊಬ್ರೇ ಹೋಗಿದ್ರಲ್ಲ. ಗಂಡಿನ ಮುಖ ನೋಡ್ಲಿಲ್ವಾ?"

ನೋಡಿದ್ದೆ. ಹುಡುಗನ ಕೈ ಕುಲುಕಿ, ಪಕ್ಕದಲ್ಲೇ ನಿಂತು ಫೋಟೋ ಕೂಡ ತೆಗೆಸಿಕೊಂಡಿದ್ದೆ. ಏನು ಮಾಡಲಿ, ಆಗ ನನ್ನ ಕಣ್ಣೆಲ್ಲ ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದವರ ಮೇಲಿತ್ತು.