ಎಂಟು ಬ್ಯಾಡಗಿ ಮತ್ತು ಆಯ್ಕೆ ಸಮಿತಿ

ನಾನು ನೇಮಕಾತಿ ವಿಭಾಗದ ಅಧಿಕಾರಿ. ಅಭ್ಯರ್ಥಿ ಬಾಗಿಲು ದಾಟಿ ಕುರ್ಚಿ ತಲುಪುವುದರೊಳಗೆ ಅವನ ಯೋಗ್ಯತೆ ಅಳೆದುಬಿಡುತ್ತೇನೆಂಬ ಖ್ಯಾತಿ ನನಗಿತ್ತು. ಹಬ್ಬಿಸಿದವನು ನಾನೇ.

ಆಗ ನಾವು ಅಹಮದಾಬಾದಿನ ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿದ್ದೆವು. ಊರಿನಿಂದ ತಂದ ಬ್ಯಾಡಗಿ ಮೆಣಸಿನಕಾಯಿ ಮುಗಿಯುತ್ತ ಬಂದು, ಡಬ್ಬಿಯಲ್ಲಿ ಎಂಟು ಉಳಿದಿದ್ದವು. ಮತ್ತೆ ಊರಿಗೆ ಹೋಗುವುದು ದೀಪಾವಳಿಗೆ. ಇಲ್ಲಿನ ಮೆಣಸಿನಪುಡಿ ಹಾಕಿದರೆ ಸಾರಿಗೆ ಖಾರ ಬರುತ್ತಿತ್ತು, ಬಣ್ಣ ಬರುತ್ತಿರಲಿಲ್ಲ. ಹೆಂಡತಿ ಶಾರದಾ ಆ ಎಂಟನ್ನೂ ಯುಗಾದಿಗೆಂದು ಎತ್ತಿಟ್ಟಿದ್ದಳು.

"ತಿಂದರೆ ಒಂದು ದಿನ. ಬಿತ್ತಿದರೆ ವರ್ಷವಿಡೀ!" ಎಂದೆ.

"ನಿಮ್ ಕೈಯಲ್ಲಿ ಮನಿಪ್ಲಾಂಟೇ ಸತ್ತೋಯ್ತಲ್ರೀ" ಎಂದಳು. ಆದರೂ ಕೊಟ್ಟಳು.

ಬೀಜ ಸುಲಭವಾಗಿ ಬಿಡಲೆಂದು ಕಾಯಿಗಳನ್ನು ಇಡಿಯಾಗಿ ಎರಡು ದಿನ ನೆನೆಹಾಕಿದೆ. ಬೀಜ ಬಿಟ್ಟಿತು, ಸಿಪ್ಪೆ ಕೊಳೆತು ನಾರಿತು. ಈಗ ನಮ್ಮ ಮನೆಯ ಸಾರಿನ ಭವಿಷ್ಯ ಪೂರ್ತಿ ಆ ಬೀಜಗಳ ಮೇಲೆ ನಿಂತಿತ್ತು.

ಕೆಳಮನೆಯ ಕಾಂತಾಬೆನ್ ಅವರ ಅಂಗಳದಿಂದ ಮಣ್ಣು ತಂದು ತಟ್ಟೆಗೆ ತುಂಬಿ, ಬೀಜ ಬಿತ್ತಿದೆ. ಜನವರಿಯ ಚಳಿ. ವಾಲ್ವ್ ರೇಡಿಯೋದ ನೆತ್ತಿ ಸದಾ ಬೆಚ್ಚಗಿರುತ್ತದಲ್ಲ, ತಟ್ಟೆಯನ್ನು ಅಲ್ಲಿಟ್ಟೆ. ಎಂಟನೆಯ ದಿನ ನೀರು ಸ್ವಲ್ಪ ಹೆಚ್ಚಾಯಿತು. ವಾರ್ತೆ ಓದುತ್ತಿದ್ದವರು ಅರ್ಧ ವಾಕ್ಯಕ್ಕೆ ನಿಂತರು. ಆ ವಾಕ್ಯ ಹೇಗೆ ಮುಗಿಯಿತೆಂದು ನಮಗೆ ಇಂದಿಗೂ ತಿಳಿಯದು.

ಆದರೆ ಮೊಳಕೆ ಬಂತು! ತಟ್ಟೆಯ ತುಂಬ! ಅವನ್ನು ಕಿಟಕಿಗೆ ವರ್ಗಾಯಿಸಿ, ಕೆಲವು ವಾರ ಕಳೆದ ಮೇಲೆ ಆಯ್ಕೆ ಸಮಿತಿಯ ಸಭೆ ಕರೆದೆ. ಅಧ್ಯಕ್ಷನೂ ಸದಸ್ಯನೂ ನಾನೇ. ಎತ್ತರವಾಗಿ, ಅಗಲ ಎಲೆ ಬಿಟ್ಟು ಠೀವಿಯಿಂದ ನಿಂತಿದ್ದ ಆರು ಸಸಿಗಳು ಆಯ್ಕೆಯಾದವು. ಬಡಕಲಾಗಿದ್ದ ಉಳಿದವನ್ನು ಸೇವೆಗೆ ಅನರ್ಹವೆಂದು ತೀರ್ಮಾನಿಸಿ, ಕಿತ್ತು ಬಾಲ್ಕನಿಯಿಂದ ಕೆಳಕ್ಕೆ ಎಸೆದೆ.

"ಅವೂ ಇರ್ಲಿ ಬಿಡ್ರೀ, ಪಾಪ" ಎಂದಳು ಶಾರದಾ.

"ಶಿಫಾರಸು ನಡೆಯೋದಿಲ್ಲ" ಎಂದೆ.

ಆಯ್ಕೆಯಾದವರು ಕುಂಡದಲ್ಲಿ ಪೊದೆಯಂತೆ ಬೆಳೆದರು. ಬಿಳಿ ಹೂ ಬಂತು. ಯುಗಾದಿ ಬಣ್ಣವಿಲ್ಲದ ಸಾರಿನಲ್ಲಿ ಕಳೆಯಿತು. ಆಮೇಲೆ ಕಾಯಿ ಬಂತು. ಬಟಾಣಿಗಿಂತ ಚಿಕ್ಕದು, ದುಂಡಗೆ. ಹವೆಯ ವ್ಯತ್ಯಾಸವೆಂದು ವಿವರಿಸಿದೆ. ಕಾಯಿ ಕಪ್ಪಗಾಯಿತು. ವಿವರಣೆ ಮುಗಿದಿತ್ತು.

"ರೀ, ಇದು ಗಣಿಕೆ ಸೊಪ್ಪು. ಬೇಲಿ ಪಕ್ಕ ತಾನಾಗೇ ಹುಟ್ಟುತ್ತೆ. ಇದ್ರ ಬೀಜ ಆ ಅಂಗಳದ ಮಣ್ಣಲ್ಲೇ ಇತ್ತು" ಎಂದಳು ಶಾರದಾ. ಬೈಯಲಿಲ್ಲ. ಮೆಣಸಿನಕಾಯಿಯ ಖಾಲಿ ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಜೂನಿನ ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿದ್ದ ಶಾರದಾ ಸೀದಾ ಒಳಗೆ ಬಂದು ನನ್ನ ಕೈಗೊಂದು ಬಟ್ಟಲು ಕೊಟ್ಟಳು. ಕೆಳಗಿಳಿದು ನೋಡಿದರೆ, ಕಾಂತಾಬೆನ್ ಅವರ ಅಂಗಳದ ಹಗ್ಗದ ಮಂಚದ ಮೇಲೆ, ಕೆಂಪಗೆ, ಸುಕ್ಕುಸುಕ್ಕಾಗಿ, ಬ್ಯಾಡಗಿ ಒಣಗುತ್ತಿತ್ತು!

"ಆ ತಮಾರಾ ಜ ಮರಚಾ ಛೇ, ಭಾಯಿ!" ಇವು ನಿಮ್ಮವೇ ಮೆಣಸಿನಕಾಯಿ ಎಂದು ಕಾಂತಾಬೆನ್ ನಕ್ಕರು. ನಾನೆಸೆದ ಬಡಕಲು ಸಸಿಗಳನ್ನು ಹೆಕ್ಕಿ, ಪಾಪವೆಂದು ಗೋಡೆಯ ಪಕ್ಕ ನೆಟ್ಟಿದ್ದರಂತೆ. ಆಯ್ಕೆ ಸಮಿತಿಯ ಅಧ್ಯಕ್ಷನಾದ ನಾನು, ತಿರಸ್ಕೃತ ಅಭ್ಯರ್ಥಿಗಳೆದುರು ಬಟ್ಟಲು ಹಿಡಿದು ನಿಂತಿದ್ದೆ.

ಕಾಂತಾಬೆನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಶಾರದಾಬೆನ್ ಕೆ ಲಿಯೇ" ಎಂದು, ಶಾರದಾಳ ಹೆಸರಿನಲ್ಲಿ ಬಟ್ಟಲು ತುಂಬಿಸಿದರು.

ನನ್ನ ಯೋಗ್ಯತೆಗಲ್ಲ. ಶಿಫಾರಸಿಗೆ.