ರೊಟ್ಟಿ ಸಪ್ಪಳದ ದಾವೆ

ಪುಣೆಯಲ್ಲಿ ಊಟವಾದ ಮೇಲೆ ಮಧ್ಯಾಹ್ನ ಮಲಗುವುದು ಸದ್ಗೃಹಸ್ಥರ ಹಕ್ಕು. ಈ ಹಕ್ಕಿಗೆ ಚ್ಯುತಿ ಬಂದಿದೆಯೆಂದು ನಿವೃತ್ತ ಮಾಮಲೇದಾರ ಅವಧೂತರಾಯರು ೧೯೩೧ನೆಯ ಇಸವಿಯಲ್ಲಿ ದಾವೆ ಹೂಡಿದರು. ಪ್ರತಿವಾದಿ, ಪಕ್ಕದ ಮನೆಯಲ್ಲಿ ಖಾನಾವಳಿ ನಡೆಸುತ್ತಿದ್ದ ವಿಜಾಪುರದ ಭೀಮವ್ವ. ತಕರಾರು, ಆಕೆ ಜೋಳದ ರೊಟ್ಟಿ ಬಡಿಯುವ ಸಪ್ಪಳ.

ಸಬ್‌ಜಡ್ಜ್ ಸಾಹೇಬರು ಕೊಂಕಣದವರು, ಹುಟ್ಟಿದಂದಿನಿಂದ ಅನ್ನ ಉಂಡವರು. ಬಡಿಯದೆ ರೊಟ್ಟಿ ಆಗುತ್ತದೋ ಇಲ್ಲವೋ ಅವರಿಗೆ ತಿಳಿಯದು. ಆದಕಾರಣ ಯಾವ ಪಕ್ಷಕ್ಕೂ ಸೇರದ ಒಬ್ಬರನ್ನು 'ನ್ಯಾಯಾಲಯದ ಮಿತ್ರ'ರೆಂದು ನೇಮಿಸಿ ಸಲಹೆ ಕೇಳಲು ನಿಶ್ಚಯಿಸಿದರು. ಆ ಗೌರವ ಗದಗಿನಿಂದ ಬಂದು ಅರಳೆ ವ್ಯಾಪಾರ ಮಾಡುತ್ತಿದ್ದ ಈರಬಸಪ್ಪನಿಗೆ ಒದಗಿತು. ಸರ್ಕಾರವೇ ತನ್ನನ್ನು ಗೆಳೆಯನೆಂದಿತಲ್ಲ ಎಂದು ಹಿಗ್ಗಿ, ಹೊಸ ರುಮಾಲು ಸುತ್ತಿಕೊಂಡು ಕೋರ್ಟಿಗೆ ಹೋದ.

"ಬಡೀಲಾರ್ದ ರೊಟ್ಟಿ ಆಗೂದಿಲ್ರಿ ಸಾಹೇಬ್ರ," ಎಂದ.

"ಇಷ್ಟೇನೇ?"

"ಇಷ್ಟರಿ."

"ಒಂದೇ ಮಾತಿನಲ್ಲಿ ಮುಗಿಯುವುದು ಅಭಿಪ್ರಾಯವಾಗಲಾರದು. ಸ್ಥಳಪರೀಕ್ಷೆ ಮಾಡಿ ಬನ್ನಿ."

ಕೂಡಲೇ ಹುಕುಂ ಹೊರಟಿತು: 'ದಾವೆ ಇತ್ಯರ್ಥವಾಗುವವರೆಗೆ ಪ್ರತಿವಾದಿಯು ಮಾರಾಟಕ್ಕಾಗಿ ರೊಟ್ಟಿ ಬಡಿಯತಕ್ಕದ್ದಲ್ಲ. ಸಾಕ್ಷ್ಯಕ್ಕಾಗಿ ಬಡಿಯಬಹುದು. ಅದಕ್ಕೆ ಬೇಕಾದ ಹಿಟ್ಟನ್ನು ಸರ್ಕಾರ ಒದಗಿಸುವುದು. ಹಾಗೆ ಬಡಿದ ರೊಟ್ಟಿ ನ್ಯಾಯಾಲಯದ ಸ್ವತ್ತು. ಅದು ಸೆಟೆಯುವ ಮುನ್ನ ಪರೀಕ್ಷಿಸಿ ತೀರಿಸುವುದು ಮಿತ್ರರ ಕರ್ತವ್ಯ.'

ಈರಬಸಪ್ಪ ಭೀಮವ್ವನ ಖಾನಾವಳಿಯಲ್ಲಿ ಕರ್ತವ್ಯಕ್ಕೆ ಕುಳಿತ. ಬಾಗಿಲಿಗೆ ಬಂದ ಗಿರಾಕಿಗಳನ್ನು ಕೋರ್ಟಿನ ಬೇಲಿಫ್ ಹೊರಗಿನಿಂದಲೇ ತಿರುಗಿ ಕಳಿಸುತ್ತಿದ್ದ.

"ನನ್ನ ಹೊಟ್ಟಿ ಮ್ಯಾಲೆ ಹೊಡದ್ರಿ ಅಣ್ಣಾರ," ಎಂದಳು ಭೀಮವ್ವ. "ಖರೇ ಹೇಳಾಕ ಕರದ್ರ ಖರೇ ಹೇಳಿ ಬರಬೇಕಿಲ್ಲೋ?"

"ಹೇಳೀನವ್ವಾ. ಸಾಲೂದಿಲ್ಲಂದ್ರು."

ಅವನಿಗೆ ನಾಚಿಕೆಯಾಯಿತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ರೊಟ್ಟಿ ತಿಂದು ಬೆಳೆದವನಿಗೆ ರೊಟ್ಟಿಯ ಮೇಲೆ ಮಮಕಾರ ಇರಬಹುದೆಂಬ ಶಂಕೆಯಿಂದ ಕೋರ್ಟು ಮತ್ತೆ ಕೆಲವು ಮಿತ್ರರನ್ನು ಸೇರಿಸಿತು. ಸಪ್ಪಳ ಅಳೆಯಲು ಬಂದ ತಬಲಾ ಉಸ್ತಾದರು ಭೀಮವ್ವನ ಎಡಗೈ ಲಯ ತಪ್ಪುತ್ತಿದೆ ಎಂದರು. ಹಲ್ಲಿನ ವೈದ್ಯರು ಬಡಿಯುವ ಸಪ್ಪಳಕ್ಕಿಂತ ಅಗಿಯುವ ಸಪ್ಪಳವೇ ಹೆಚ್ಚೆಂದರು. ಶಿರಸ್ತೇದಾರರ ಭಾವಮೈದುನ ಯಾವುದರಲ್ಲಿ ತಜ್ಞನೆಂದು ಯಾರೂ ಕೇಳಲಿಲ್ಲ. ಬೆಣ್ಣೆಯಿಲ್ಲದೆ ಅಭಿಪ್ರಾಯ ಹೊರಡದೆಂದು ಅವನು ಅರ್ಜಿ ಕೊಟ್ಟ, ಮಂಜೂರಾಯಿತು.

ಭೀಮವ್ವನ ಒಲೆ ಉರಿಯುತ್ತಿತ್ತು, ಬದುಕು ಆರುತ್ತಿತ್ತು. ಈರಬಸಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಮುಂದಿನ ತಾರೀಖಿಗೆ ಎದ್ದು ಕೈಮುಗಿದ.

"ಸಾಹೇಬ್ರ, ಭೀಮವ್ವನ ಗಿರಾಕಿ ದಿನಾ ರೊಟ್ಟಿ ತಿಂತಾರ. ಅವರಕಿಂತ ತಿಳದ ಮಿತ್ರರು ಯಾರದಾರ್ರಿ?"

ಸಾಹೇಬರು ತಲೆದೂಗಿದರು. ಗಿರಾಕಿಗಳೆಲ್ಲ ಒಂದೇ ಹುಕುಮಿನಲ್ಲಿ ಮಿತ್ರರಾದರು. ನಿದ್ದೆಯ ವಿಷಯದಲ್ಲೂ ಒಬ್ಬ ತಜ್ಞ ಬೇಕಲ್ಲ. ಊರಲ್ಲಿ ಅವಧೂತರಾಯರಷ್ಟು ಅನುಭವಿಗಳು ಸಿಗಲಿಲ್ಲ.

"ನಾನು ವಾದಿ!" ಎಂದರು ರಾಯರು.

"ಮಿತ್ರನ ಹುದ್ದೆ ಅದಕ್ಕಿಂತ ದೊಡ್ಡದು," ಎಂದರು ಸಾಹೇಬರು.

ರಾಯರು ಮುಖ ಗಂಟಿಕ್ಕಿಕೊಂಡು ಖಾನಾವಳಿಗೆ ಬಂದರು. ಎಣ್ಣೆಗಾಯಿಯೊಂದಿಗೆ ರೊಟ್ಟಿ ಪರೀಕ್ಷಿಸಿದರು, ಮತ್ತೊಂದನ್ನೂ ಪರೀಕ್ಷಿಸಿದರು. ಆಮೇಲೆ ಗೋಡೆಗೆ ಒರಗಿ, ಒಲೆಯ ಮುಂದೆ ಪಟಪಟ ಸಪ್ಪಳ ನಡೆದಿರುವಾಗಲೇ ಗೊರಕೆ ಹೊಡೆದರು. ಈರಬಸಪ್ಪ ಓಡಿ ಹೋಗಿ ಕೋರ್ಟಿಗೆ ಇದನ್ನು ತಿಳಿಸಿದ. ಗೊರಕೆಯನ್ನು ಪ್ರಮಾಣವಚನ ಸ್ವೀಕರಿಸಿ ಹೊಡೆದಿಲ್ಲವಾದ್ದರಿಂದ ಅದು ಸಾಕ್ಷ್ಯವಾಗದೆಂದು ತೀರ್ಮಾನವಾಯಿತು. ಇನ್ನು ಮುಂದೆ ಪ್ರತಿಯೊಬ್ಬ ಮಿತ್ರನೂ ಪ್ರಮಾಣ ಮಾಡಿಯೇ ಉಣ್ಣತಕ್ಕದ್ದೆಂದು ಆಜ್ಞೆಯಾಗಿ, ದಾವೆ ಮುಂದಕ್ಕೆ ಹೋಯಿತು.

ಭೀಮವ್ವ ಹುಕುಮನ್ನು ಈರಬಸಪ್ಪನಿಂದ ಎರಡು ಸಲ ಓದಿಸಿ ಕೇಳಿದಳು.

"ರೊಟ್ಟಿ ಸರ್ಕಾರದ್ದು. ಪಲ್ಯಾದ್ದೇನರ ಬರದಾರೇನ್ರಿ ಇದರಾಗ?"

"ಇಲ್ಲವ್ವಾ."

"ಹಂಗಾರ ಪಲ್ಯಾ ನಂದು," ಎಂದು, ಇಡೀ ಊಟದ ದರವನ್ನು ಪಲ್ಯಕ್ಕೆ ಇಟ್ಟಳು.

ದಾವೆ ಇನ್ನೂ ನಡೆದಿದೆ. ಹಸಿದವರು ಸಾಲಾಗಿ ನಿಂತು, ಬಿಸಿರೊಟ್ಟಿಯ ಮೇಲೆ ಬಲಗೈಯಿಟ್ಟು, ಸತ್ಯವನ್ನೇ ಹೇಳುತ್ತೇವೆ, ಸತ್ಯವಲ್ಲದೆ ಬೇರೇನನ್ನೂ ಹೇಳುವುದಿಲ್ಲ ಎನ್ನುತ್ತಾರೆ. ಒಂದು ಮಧ್ಯಾಹ್ನ ಈರಬಸಪ್ಪ ಪ್ರಮಾಣದ ನಡುವೆ ತಡವರಿಸಿದಾಗ ಹಿಂದೆ ನಿಂತಿದ್ದ ಅವಧೂತರಾಯರು ರೇಗಿದರು:

"ಬೇಗ ಸತ್ಯ ಹೇಳಿ ಮುಂದೆ ಹೋಗಯ್ಯಾ, ನನ್ನ ನಿದ್ದೆಗೆ ಹೊತ್ತಾಗುತ್ತಿದೆ!"