ಗಡ್ಡವಿಲ್ಲದ ಉಮ್ಮ

ಈ ತಾಲೂಕಿನಲ್ಲಿ ಯಾವ ಗಂಡಸೂ ಮಾಡದ ಸಾಧನೆಯನ್ನು ಮಾಡಿ ತೋರಿಸುತ್ತೇನೆ ಎಂದು ನಾನು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡದ್ದು ಗುರುವಾಯನಕೆರೆಯ ಬಸ್ ಸ್ಟ್ಯಾಂಡಿನಲ್ಲಿ. ಅವಳು ಮಂಗಳೂರಿನ ಬಸ್ಸಿಗೆ ಕಾಯುತ್ತಿದ್ದಳು. ಒಂದೂವರೆ ವರ್ಷದ ಮಗ ಶಾಫಿ ನನ್ನ ಹೆಗಲಿಗೆ ಅಂಟಿಕೊಂಡಿದ್ದ. "ಉಮ್ಮನಿಗೆ ಟಾಟಾ ಮಾಡು" ಎಂದರೆ ಅವನು ಟಾಟಾ ಮಾಡಿದ್ದು ಎದುರಿಗಿದ್ದ ಕಬ್ಬಿನ ಹಾಲಿನ ಗಾಡಿಗೆ.

"ನೋಡಿ, ನನ್ನ ಮುಖ ಸಹ ನೋಡುವುದಿಲ್ಲ ಅವನು" ಎಂದಳು ರಶೀನಾ. "ಮುಂದಿನ ಸಲವೂ ಹೀಗೇ ಆದರೆ ನಾನು ಓದು ಬಿಡ್ತೇನೆ. ಊರಿನ ಮಕ್ಕಳಿಗೆಲ್ಲ ಡಾಕ್ಟರಾಗಿ ನನ್ನ ಮಗನಿಗೆ ನಾನು ಯಾರೂ ಅಲ್ಲ ಅಂತಾದರೆ ಎಂತ ಪ್ರಯೋಜನ?"

"ನೀನು ಪುಸ್ತಕ ನೋಡಿಕೋ ಮಾರಾಯ್ತಿ. ಮಗನ ವಿಷಯ ನನಗೆ ಬಿಡು. ಮುಂದಿನ ಸಲ ಅವನು ಬಂದು ನಿನ್ನ ಕುತ್ತಿಗೆಗೆ ಜೋತು ಬೀಳದಿದ್ದರೆ ನನ್ನ ಹೆಸರು ಇರ್ಷಾದ್ ಅಲ್ಲ."

ಆ ಹೆಸರಿಗೆ ಒದಗಿದ ದುರ್ಗತಿಯನ್ನೇ ಈಗ ಹೇಳಹೊರಟಿದ್ದೇನೆ. ನಮ್ಮ ಮನೆಮಾತು ಬ್ಯಾರಿ. ಜಗಳವಾಡಿದ್ದೂ ಅತ್ತದ್ದೂ ಅದರಲ್ಲೇ. ನಿಮಗೆ ತಿಳಿಯಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನದು ಟೈಲ್ಸ್ ಅಂಗಡಿ. ರಶೀನಾಳದ್ದು ಎಂಬಿಬಿಎಸ್ ಕೊನೆಯ ವರ್ಷ. ಮದುವೆಯಾಗಿ, ಮಗಳು ರಿಫಾ ಹುಟ್ಟಿದ ಮೇಲೆ ಅವಳಿಗೆ ಸೀಟು ಸಿಕ್ಕಿತು. ನೆಂಟರು, "ಮಗು ಇರುವವಳಿಗೆ ಯಾಕೆ ಓದು?" ಎಂದಾಗ ನಾನೇ, "ಮಗುವಿಗೆ ನಾನಿಲ್ಲವಾ?" ಎಂದಿದ್ದೆ. ಮಾತಿನ ಶೂರ! ಈಗ ರಿಫಾಳಿಗೆ ಐದು ವರ್ಷ. ಬಲು ಜಾಣೆ. ಉಮ್ಮ ಹೊರಟರೆ ಗೇಟಿನವರೆಗೆ ಬಂದು ಟಾಟಾ ಮಾಡಿ, ಒಳಗೆ ಹೋಗಿ ಚಿತ್ರಕ್ಕೆ ಬಣ್ಣ ತುಂಬುತ್ತಾಳೆ. ಅವಳಿಂದ ನಮಗೆ ಒಂದು ದಿನವೂ ತೊಂದರೆಯಾಗಿಲ್ಲ. ತೊಂದರೆಯೆಲ್ಲ ಶಾಫಿಯದ್ದು. ಹಾಲು ಬಿಡಿಸಿದ ಮೇಲೆ ರಶೀನಾ ಹಾಸ್ಟೆಲಿಗೆ ಮರಳಿದ್ದಳು, ಅಲ್ಲಿಂದೀಚೆಗೆ ಅವನ ಪಾಲಿಗೆ ಉಮ್ಮ ಎಂದರೆ ಫೋನಿನ ಪರದೆಯಲ್ಲಿ ಮಾತಾಡುವ ಒಂದು ಮುಖ. ಆ ಮುಖಕ್ಕೆ ಕೈಕಾಲು ಮೂಡಿ ಮನೆಯೊಳಗೆ ಬಂದರೆ ಅವನಿಗೆ ಗಾಬರಿ.

ನನ್ನ ಮೊದಲ ಯೋಜನೆ ವೈಜ್ಞಾನಿಕವಾಗಿತ್ತು. ಬಿಳಿ ಕೋಟು ಹಾಕಿ, ಕೊರಳಲ್ಲಿ ಸ್ಟೆತಸ್ಕೋಪ್ ನೇತುಹಾಕಿಕೊಂಡ ರಶೀನಾಳ ಫೋಟೋವನ್ನು ಬೆಳ್ತಂಗಡಿಯಲ್ಲಿ ದೊಡ್ಡದಾಗಿ ಮಾಡಿಸಿ ಹಾಲ್‌ನಲ್ಲಿ ತೂಗುಹಾಕಿದೆ. ದಿನಾ ಮಗನನ್ನು ಎತ್ತಿ ತೋರಿಸಿದೆ. "ಯಾರಿದು? ಉಮ್ಮ." ಅವನು ಫೋಟೋದ ಗಾಜಿನ ಮೇಲೆ ಎಂಜಲು ಕೈಯಿಟ್ಟು ನಗತೊಡಗಿದ. ನಾನು ಗೆದ್ದೆ ಎಂದುಕೊಂಡೆ. ಅದೇ ವಾರ ಅವನಿಗೆ ಚುಚ್ಚುಮದ್ದು ಇತ್ತು. ಬಿಳಿ ಕೋಟಿನ ಡಾಕ್ಟರಮ್ಮ ಮುದ್ದು ಮಾಡುತ್ತಲೇ ಅವನ ತೊಡೆಗೆ ಸೂಜಿ ಚುಚ್ಚಿದರು. ಮನೆಗೆ ಬಂದು ಗೋಡೆ ನೋಡಿದವನೇ ಕಿಟಾರನೆ ಕಿರುಚಿದ. ಫೋಟೋವನ್ನು ಕಪಾಟಿನೊಳಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಬೇಕಾಯಿತು.

ಹಗಲು ಮಕ್ಕಳನ್ನು ನೋಡಿಕೊಳ್ಳುವವರು ಪಕ್ಕದ ಮನೆಯ ಜೈನಬಮ್ಮ. ಅವರು ಬುದ್ಧಿ ಹೇಳಿದರು.

"ಫೋಟೋ ಎಂತಕೆ? ತಾಯಿ ಹಾಕಿ ಬಿಟ್ಟ ಬಟ್ಟೆಯನ್ನು ಒಗೆಯದೆ ತೊಟ್ಟಿಲಿಗೆ ಹಾಕು. ನನ್ನ ಮಕ್ಕಳೆಲ್ಲ ಹಾಗೇ ಬೆಳೆದದ್ದು. ಮಗು ವಾಸನೆಯಲ್ಲಿ ತಾಯಿಯನ್ನು ಹಿಡೀತದೆ."

ರಶೀನಾ ಬಿಟ್ಟುಹೋದ ನೇರಳೆ ಹೂವಿನ ಮ್ಯಾಕ್ಸಿಯನ್ನು ತೊಟ್ಟಿಲಿಗೆ ಹಾಕಿದೆ. ಶಾಫಿ ಅದನ್ನು ಎತ್ತಿ ಹೊರಗೆ ಎಸೆದ. ಮತ್ತೆ ಹಾಕಿದೆ, ಮತ್ತೆ ಎಸೆದ. ಆಗ ನನ್ನ ಮಹಾ ತಲೆಗೆ ಹೊಳೆಯಿತು. ಬರೀ ಬಟ್ಟೆಗೆ ಕೈಯಿಲ್ಲ, ಮಡಿಲಿಲ್ಲ, ಜೋಗುಳ ಹಾಡುವ ಬಾಯಿಯಿಲ್ಲ. ಅದರೊಳಗೆ ಒಂದು ದೇಹ ಬೇಕು. ಮನೆಯಲ್ಲಿ ಆ ಅಳತೆಯ ದೇಹ ಇದ್ದದ್ದು ಒಂದೇ!

ಅಂದಿನಿಂದ ಮಗನನ್ನು ಮಲಗಿಸುವ ಹೊತ್ತಿಗೆ ನಾನು ಮ್ಯಾಕ್ಸಿಧಾರಿ. ರಶೀನಾಳ ಪಾದ ಮುಚ್ಚುವ ಆ ಉಡುಪು ನನ್ನ ಮೊಣಕಾಲಿನಿಂದ ತುಸು ಕೆಳಕ್ಕೆ ಬಂದು ಸುಸ್ತಾಗುತ್ತಿತ್ತು. ಆದರೆ ಉಪಾಯ ಫಲಿಸಿತು. ಶಾಫಿ ಒಂದು ಕೈಯಲ್ಲಿ ಮ್ಯಾಕ್ಸಿಯ ಕುತ್ತಿಗೆಪಟ್ಟಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ನನ್ನ ಗಡ್ಡ ಸವರುತ್ತಾ ನಿಮಿಷದಲ್ಲಿ ನಿದ್ದೆ ಹೋಗುತ್ತಿದ್ದ. ನಾನು ಕತ್ತು ಬಗ್ಗಿಸಿ, "ಉಮ್ಮ, ಇದು ಉಮ್ಮ" ಎಂದು ಅವನ ಕಿವಿಯಲ್ಲಿ ಹೇಳುತ್ತಿದ್ದೆ. ಆ ಬಟ್ಟೆಯಲ್ಲಿ ಅವಳ ವಾಸನೆ ಇತ್ತು, ಅವಳಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದು, ಹೀಗೆ ಮಗನನ್ನು ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ತೂಗುತ್ತಿದ್ದಾಗ ಗೇಟು ತೆಗೆದ ಸದ್ದಾಯಿತು. ಮೂಡುಬಿದಿರೆಯ ಸುಬ್ಬಯ್ಯನವರು. ಹೊಸ ಮನೆಗೆ ಟೈಲ್ಸ್ ಬೇಕೆಂದು ಫೋನ್ ಮಾಡಿದ್ದರು, ಮುಖಪರಿಚಯ ಇರಲಿಲ್ಲ. ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿದ್ದರಿಂದ ಮನೆ ಹುಡುಕಿಕೊಂಡು ಬಂದಿದ್ದರು. ಅವರು ಗಡ್ಡ ನೋಡಿದರು, ಮ್ಯಾಕ್ಸಿ ನೋಡಿದರು, ಮತ್ತೆ ಗಡ್ಡ ನೋಡಿದರು.

"ಇರ್ಷಾದ್ ಅಂತ ಒಬ್ಬರು..."

"ನಾನೇ. ಬನ್ನಿ, ಕೂತುಕೊಳ್ಳಿ."

"ಇಲ್ಲ, ಪರವಾಗಿಲ್ಲ. ನೀವು ಸುಧಾರಿಸಿಕೊಳ್ಳಿ. ಟೈಲ್ಸಿಗೆ ಅಂಥ ಅವಸರ ಏನಿಲ್ಲ."

ಅವಸರ ಇಲ್ಲದ ಟೈಲ್ಸ್ ಮರುದಿನವೇ ಬಂಟ್ವಾಳದ ಅಂಗಡಿಯಿಂದ ಅವರ ಮನೆಗೆ ಬಂತಂತೆ. ಹೋಗಲಿ, ವ್ಯಾಪಾರ ಇನ್ನೊಮ್ಮೆ ಆದೀತು ಎಂದು ನನ್ನನ್ನು ನಾನೇ ಸಂತೈಸಿಕೊಂಡೆ. ಮಗ ಸಿಕ್ಕಿದನಲ್ಲ!

ಶನಿವಾರ ಸಂಜೆ ರಶೀನಾ ಬಂದಳು. ನಾನು ವಿಜಯಿಯಂತೆ ಮ್ಯಾಕ್ಸಿಯನ್ನು ಅವಳ ಕೈಗಿಟ್ಟೆ.

"ಇದನ್ನು ಹಾಕಿಕೋ. ಏನೂ ಕೇಳಬೇಡ. ಸುಮ್ಮನೆ ಕೂತು ಕೈ ಚಾಚು."

ಅವಳು ಕೈ ಚಾಚಿದಳು. ಶಾಫಿ ತಟಪಟ ಹೆಜ್ಜೆ ಹಾಕಿಕೊಂಡು ನೇರ ಹೋಗಿ ಅವಳ ಮಡಿಲಲ್ಲಿ ಬಿದ್ದ. ಕುತ್ತಿಗೆಪಟ್ಟಿ ಹಿಡಿದ, ಎದೆಗೆ ಕೆನ್ನೆ ಒತ್ತಿದ. ರಶೀನಾ ಉಸಿರಾಡಲಿಲ್ಲ. ಅವಳ ಕಣ್ಣು ತುಂಬಿ ಬಂತು, ನನ್ನದೂ. ನಾನು ಮೀಸೆ ತಿರುವಬೇಕೆಂದಿದ್ದೆ, ಅಷ್ಟರಲ್ಲಿ ಅವನ ಇನ್ನೊಂದು ಕೈ ಮೇಲೆ ಹೋಯಿತು. ಅವಳ ಕೆನ್ನೆ ತಡವಿತು. ಗಲ್ಲ ತಡವಿತು. ಆ ಕಡೆಯ ಕೆನ್ನೆಯನ್ನೂ ತಡವಿತು. ಬೇಕಾದದ್ದು ಸಿಗಲಿಲ್ಲ. ತಲೆಯೆತ್ತಿ ಅವಳ ಮುಖ ನೋಡಿದ, ತುಟಿ ನಡುಗಿತು, ಮೋಸ ಹೋದವನಂತೆ ಬೊಬ್ಬೆ ಹೊಡೆಯುತ್ತಾ ನನ್ನ ಕಾಲಿಗೆ ಬಂದು ಬಿದ್ದ.

"ಅವನು ಎಂತ ಹುಡುಕಿದ್ದು?" ರಶೀನಾ ಕೇಳಿದಳು.

ಹೇಳದೆ ವಿಧಿಯಿರಲಿಲ್ಲ. ಎಲ್ಲ ಹೇಳಿದೆ. ಸುಬ್ಬಯ್ಯನವರ ಪ್ರಸಂಗಕ್ಕಾದರೂ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ನನ್ನ ಬಟ್ಟೆ ಹಾಕಿ ನೀವೇ ಅವನಿಗೆ ಉಮ್ಮ ಆದಿರಿ. ಈಗ ನಾನು ಗಡ್ಡ ಇಲ್ಲದ ಉಮ್ಮ. ಅಂದರೆ ಏನೋ ಒಂದು ಕಡಿಮೆ ಇರುವವಳು" ಎಂದು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಬೇಡದಿದ್ದರೂ ಈರುಳ್ಳಿ ಕೊಚ್ಚುವ ಸದ್ದು ಕೇಳಿಸಿತು.

ಭಾನುವಾರ ಬೆಳಿಗ್ಗೆ ನಾನು ಚರಿತ್ರಾರ್ಹ ನಿರ್ಧಾರ ಕೈಗೊಂಡೆ. ರಶೀನಾಳಿಗೆ ಗಡ್ಡ ಬರಿಸುವುದು ವೈದ್ಯಶಾಸ್ತ್ರಕ್ಕೂ ಅಸಾಧ್ಯ. ನನ್ನದನ್ನು ತೆಗೆಯುವುದು ಒಂದು ಬ್ಲೇಡಿಗೆ ಸಾಧ್ಯ. ಮದುವೆಗಿಂತ ಮುಂಚಿನಿಂದ ಎಣ್ಣೆ ಹಚ್ಚಿ ಬಾಚಿ ಬೆಳೆಸಿದ ಗಡ್ಡ ಬಚ್ಚಲಿನಲ್ಲಿ ಉದುರಿತು. ಹೊರಗೆ ಬಂದಾಗ ರಶೀನಾ ಬಾಗಿಲಲ್ಲೇ ನಿಂತಳು.

"ಅಲ್ಲಾ, ನಿಮಗೆ ಗಲ್ಲವೇ ಇಲ್ಲವಲ್ಲ" ಎಂದವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬಹಳ ದಿನಗಳ ಮೇಲೆ ಅವಳು ನಕ್ಕದ್ದು, ಮರ್ಯಾದೆ ಹೋದರೂ ನನಗೆ ಖುಷಿಯಾಯಿತು.

ಶಾಫಿ ಮಾತ್ರ ನಗಲಿಲ್ಲ. ಮನೆಗೆ ಕಳ್ಳ ನುಗ್ಗಿದಂತೆ ನನ್ನನ್ನು ನೋಡಿ ಚೀರಿದ. ಸುತ್ತ ನೋಡಿದ. ಗುರುತಿದ್ದದ್ದು ಒಂದೇ, ರಶೀನಾ ತೊಟ್ಟಿದ್ದ ಆ ನೇರಳೆ ಹೂವಿನ ಮ್ಯಾಕ್ಸಿ. ಓಡಿ ಹೋಗಿ ಅದರ ಕುತ್ತಿಗೆಗೆ ಜೋತುಬಿದ್ದ. ಈ ಸಲ ಕೆನ್ನೆ ತಡವಲಿಲ್ಲ. ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಹಿಡಿದುಕೊಂಡ.

ಆ ಹಗಲಿಡೀ ಅವನು ಅವಳ ಸೊಂಟದಿಂದ ಇಳಿಯಲಿಲ್ಲ. ಅವಳ ಕೈಯಿಂದ ಅನ್ನ ತಿಂದ, ಅವಳ ತೋಳಿನ ಮೇಲೆ ಮಲಗಿದ, ಎದ್ದು ಅವಳ ಮೂಗು ಹಿಡಿದು "ಮ್ಮ" ಎಂದ. ರಶೀನಾ ತೋಳು ಜೋಮು ಹಿಡಿದರೂ ಅಲುಗಾಡದೆ ಕೂತಿದ್ದಳು. ನಾನು ಹತ್ತಿರ ಹೋದರೆ ಅವನು ಕಿರುಚುತ್ತಿದ್ದ, ಅವಳು ಕಣ್ಣಲ್ಲೇ ನನ್ನನ್ನು ದೂರ ಹೋಗಲು ಹೇಳುತ್ತಿದ್ದಳು. ನಾನು ಸೋತು ಗೆದ್ದಿದ್ದೆ!

ಆದರೆ ಸಂಜೆಗೆ ಬಸ್ಸು ಇತ್ತು. ಮರುದಿನ ಬೆಳಿಗ್ಗೆ ಅವಳಿಗೆ ಹೆರಿಗೆ ವಾರ್ಡಿನಲ್ಲಿ ಡ್ಯೂಟಿ. ರಶೀನಾ ಮ್ಯಾಕ್ಸಿ ಕಳಚಿ, ಬುರ್ಖಾ ಹಾಕಿ, ಆ ಮ್ಯಾಕ್ಸಿಯನ್ನೇ ಮಗನ ಕೈಗೆ ಕೊಟ್ಟಳು. ಅವನು ಅದನ್ನು ಕೆಳಗೆ ಬಿಟ್ಟು ಅವಳ ಬುರ್ಖಾ ಹಿಡಿದ. ಈಗ ಅವನಿಗೆ ಬಟ್ಟೆ ಬೇಕಿರಲಿಲ್ಲ, ಅವಳೇ ಬೇಕಿತ್ತು. ಜೈನಬಮ್ಮ ಬಂದು ಅವನ ಬೆರಳು ಬಿಡಿಸಿದರು. ರಶೀನಾ ಹಿಂದೆ ನೋಡದೆ ಆಟೋ ಹತ್ತಿದಳು.

ಬಸ್ಸು ಬಂಟ್ವಾಳ ದಾಟಿದ ಮೇಲೆ ಫೋನ್ ಬಂತು.

"ಅಳುವುದು ನಿಲ್ಲಿಸಿದನಾ?"

"ಇಲ್ಲ."

"ನೀವು ಸ್ವಲ್ಪ ಎತ್ತಿಕೊಳ್ಳಿ."

"ನನ್ನನ್ನು ಕಂಡರೆ ಇನ್ನೂ ಜೋರು. ನೀನು ಖುಷಿ ಪಡು ಮಾರಾಯ್ತಿ, ಈಗ ಅವನಿಗೆ ನೀನೇ ಬೇಕು. ಇನ್ನು ಓದು ಬಿಡುವ ಮಾತು ಇಲ್ಲವಲ್ಲ?"



"ಬಿಡುವುದಿಲ್ಲ. ಆದರೆ ಮೊದಲು ಹೊರಡುವಾಗ ನನಗೆ ಮಾತ್ರ ಅಳು ಬರ್ತಿತ್ತು. ಈಗ ಅವನಿಗೂ ಬರುವ ಹಾಗೆ ಮಾಡಿ ಬಂದೆ ನಾನು."

"ಗಡ್ಡ ಬೇಗ ಬರುವ ಔಷಧಿ ಏನಾದರೂ ಉಂಟಾ?" ಎಂದು ಕೇಳಿದೆ.

"ಅದು ನಮಗೆ ಪಾಠ ಆಗಿಲ್ಲ" ಎಂದು ಮೂಗೊರೆಸಿಕೊಂಡು ಫೋನ್ ಇಟ್ಟಳು.

ಜೈನಬಮ್ಮ ತಮ್ಮ ಮನೆಯ ಕೆಲಸಕ್ಕೆ ಹೋದರು. ಶಾಫಿ ಗೇಟಿನ ಸರಳು ಹಿಡಿದು ರಸ್ತೆ ನೋಡುತ್ತಾ ಅಳುತ್ತಿದ್ದ. ನಾನು ಗಲ್ಲವಿಲ್ಲದ ಮುಖ ಹೊತ್ತು ಬಾಗಿಲ ಮರೆಯಲ್ಲಿ ನಿಂತಿದ್ದೆ. ಆಗ ರಿಫಾ ಬಣ್ಣದ ಪುಸ್ತಕ ಬಿಟ್ಟು ಎದ್ದಳು. ಇಡೀ ದಿನ ಅವಳನ್ನು ಯಾರೂ ಎತ್ತಿಕೊಂಡಿರಲಿಲ್ಲ, ಅವಳು ಕೇಳಿರಲೂ ಇಲ್ಲ. ಹೋಗಿ ತಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವನ ಮೂಗನ್ನು ತನ್ನ ಫ್ರಾಕಿನಿಂದ ಒರೆಸಿದಳು.

"ಸಾಕು ಶಾಫಿ. ನಾನು ನಿನ್ನಷ್ಟು ಇರುವಾಗ ತುಂಬಾ ಅತ್ತು ನೋಡಿದ್ದೇನೆ. ಬಸ್ಸು ನಿಲ್ಲುವುದಿಲ್ಲ."